ಆರು ಸೀಟಿನ ಗಾಡಿಗೆ ಒಬ್ಬರೇ: ಆಫ್ರಿಕಾದಲ್ಲಿ ಸಫಾರಿಯ ಮೊದಲ ದಿನಕ್ಕೆ ಯಾವ ಕಾಡು?

ಸಫಾರಿ ಗಾಡಿಗೆ ಆರೇಳು ಸೀಟು, ನೀವು ಒಬ್ಬರು. ಆಫ್ರಿಕಾಕ್ಕೆ ಒಂಟಿಯಾಗಿ ಹೊರಟವರ ಲೆಕ್ಕಾಚಾರವೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. ನಮ್ಮಲ್ಲಿ ತಲೆಗೆ ಇಷ್ಟು ಎಂದು ದುಡ್ಡು ಕಟ್ಟಿ, ಯಾರ ಪಕ್ಕ ಕೂರಿಸಿದರೂ ಕೂತು ಬರುತ್ತೇವೆ. ಪೂರ್ವ ಆಫ್ರಿಕಾದಲ್ಲಿ ಬಾಡಿಗೆ ಬಹುಮಟ್ಟಿಗೆ ಇಡೀ ಗಾಡಿಗೆ. ಅರ್ಧ ದಿನಕ್ಕೆ 120 ಡಾಲರ್ ಎಂದಿಟ್ಟುಕೊಳ್ಳಿ. ಆರು ಜನ ಹಂಚಿಕೊಂಡರೆ ತಲೆಗೆ ಇಪ್ಪತ್ತು. ಒಬ್ಬರೇ ಆದರೆ ನೂರಿಪ್ಪತ್ತೂ ನಿಮ್ಮ ಜೇಬಿನಿಂದಲೇ.

ನನ್ನನ್ನು ಕೇಳುವವರೆಲ್ಲ "ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಲೋ, ದಕ್ಷಿಣ ಆಫ್ರಿಕಾದ ಕ್ರೂಗರ್‌ಗೆ ಹೋಗಲೋ" ಎಂದೇ ಕೇಳುತ್ತಾರೆ. ಅದು ಇಡೀ ಪ್ರವಾಸದ ಪ್ರಶ್ನೆ. ಮೊದಲ ದಿನದ ಪ್ರಶ್ನೆಯೇ ಬೇರೆ. ಅಂದು ಕಣ್ಣಿಗೆ ನಿದ್ದೆಯಿಲ್ಲ, ಕೈಯಲ್ಲಿರುವ ನೋಟಿನ ಬೆಲೆ ಗೊತ್ತಿಲ್ಲ, ಯಾರನ್ನು ನಂಬಬೇಕೆಂದು ತಿಳಿದಿಲ್ಲ, ಬಯಲಿನಲ್ಲಿ ಪ್ರಾಣಿಯನ್ನು ಹುಡುಕುವುದೂ ಬಾರದು. ಅಂಥ ದಿನವನ್ನು ಜಗತ್ಪ್ರಸಿದ್ಧ ಕಾಡಿನಲ್ಲಿ ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರಿಗೂ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಯಾವುದರಿಂದ ಅಳೆಯುವುದು

ಕಾಡಿಗೆ ಎಷ್ಟು ಪ್ರಾಣಿ ಎಂದು ಎಣಿಸುವ ಮೊದಲು ಬೇರೆ ಕೆಲವನ್ನು ನೋಡಬೇಕು. ವಿಮಾನ ನಿಲ್ದಾಣದಿಂದ ಅಲ್ಲಿಗೆ ಎಷ್ಟು ಗಂಟೆ? ದರ ಸೀಟಿಗೋ, ಗಾಡಿಗೋ? ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುವವರು ಯಾರು: ನೀವೋ, ಚಾಲಕನೋ, ಪಕ್ಕದ ಸೀಟಿನ ದಂಪತಿಯೋ? ಗಾಡಿ ಕೈಕೊಟ್ಟರೆ ಒಬ್ಬರೇ ಏನು ಮಾಡುತ್ತೀರಿ?

ಕಾಗದಪತ್ರವೂ ಈ ತಕ್ಕಡಿಗೇ ಬರಬೇಕು. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ನಮ್ಮವರಿಗೆ ಅದೇ ಸುಲಭದ ಬಾಗಿಲು, ಮುಂಬೈಯಿಂದ ನೈರೋಬಿಗೆ ನೇರ ವಿಮಾನವೂ ಇದೆ. ಟಾಂಜಾನಿಯಾಕ್ಕೆ ಇ-ವೀಸಾ. ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾಕ್ಕಾದರೆ ಹೊರಡುವ ಬಹಳ ಮೊದಲೇ ಕೆಲಸ ಶುರುಮಾಡಿ. ಕೀನ್ಯಾ, ಟಾಂಜಾನಿಯಾಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಅದರ ಪ್ರಮಾಣಪತ್ರವಾದ ಹಳದಿ ಪುಸ್ತಕ ಪಡೆಯಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಆ ಪುಸ್ತಕ ಕೇಳುವವರು ಅಲ್ಲಿಯವರು ಮಾತ್ರವಲ್ಲ. ಇಲ್ಲದೆ ಮರಳಿ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಹಾಕಬಹುದು. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಓಡಾಟದಲ್ಲಿ ವೈದ್ಯರನ್ನು ಕೇಳಿಬಿಡಿ. ಮಾರಾ, ಕ್ರೂಗರ್, ಬೋಟ್ಸ್ವಾನಾದ ಚೋಬೆ, ಟಾಂಜಾನಿಯಾದ ತರಂಗಿರೆ ಎಲ್ಲವೂ ಮಲೇರಿಯಾ ಇರುವ ಪ್ರದೇಶಗಳು. ಎತ್ತರದಲ್ಲಿರುವ ನೈರೋಬಿ ನಗರದಲ್ಲಿ ಆ ಭಯ ಕಡಿಮೆ.

ನೈರೋಬಿ ರಾಷ್ಟ್ರೀಯ ಉದ್ಯಾನ: ಊರ ಪಕ್ಕದ ಪಾಠಶಾಲೆ

117 ಚದರ ಕಿಲೋಮೀಟರ್, 1946ರಲ್ಲಿ ಆದ ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ಊರಿನ ನಡುಭಾಗದಿಂದ ಹತ್ತು ಕಿಲೋಮೀಟರಿನೊಳಗೆ. ಮೂರು ದಿಕ್ಕಿಗೆ ಬೇಲಿ, ದಕ್ಷಿಣಕ್ಕೆ ಮಾತ್ರ ಬಯಲಿಗೆ ತೆರೆದುಕೊಂಡಿದೆ. ಇದನ್ನು ಹೆಸರಿಸಿದರೆ ಸಾಕು, "ಅದು ಬನ್ನೇರುಘಟ್ಟದ ಹಾಗೆ ಅಲ್ಲವೇ?" ಎಂದು ಮೂಗು ಮುರಿಯುವವರಿದ್ದಾರೆ. ಅಲ್ಲ. ಇಲ್ಲಿ ಸಿಂಹಗಳು ತಮ್ಮ ಬೇಟೆ ತಾವೇ ಆಡಿಕೊಳ್ಳುತ್ತವೆ.

ನನ್ನ ಮೊದಲ ಬೆಳಗು ಇಲ್ಲೇ ಆಯಿತು. ಜುಲೈ ತಿಂಗಳು, ಮಡಿಕೇರಿಯ ಚಳಿ. ಆರಕ್ಕೆ ಗೇಟು ತೆರೆದ ಕೂಡಲೇ ಒಳಗಿದ್ದೆವು. ಅರ್ಧ ಗಂಟೆ ಏನೂ ಕಾಣಲಿಲ್ಲ. ಕಾಣಲಿಲ್ಲ ಎನ್ನುವುದಕ್ಕಿಂತ ನನಗೆ ನೋಡಲು ಬರಲಿಲ್ಲ ಎನ್ನಬೇಕು. ನಾಗರಹೊಳೆಯಲ್ಲಿ ನಾವು ಕಿವಿಯಿಂದ ಹುಡುಕುತ್ತೇವೆ: ಜಿಂಕೆಯ ಎಚ್ಚರಿಕೆಯ ಕೂಗು, ಮುಸಿಯನ ಕೆಮ್ಮು. ಇಲ್ಲಿ ಕಣ್ಣಿನದೇ ಕೆಲಸ, ಅದೂ ಒಂದು ಕಿಲೋಮೀಟರು ಆಚೆಗೆ. ಚಾಲಕ ಎಂಜಿನ್ ಆರಿಸಿ "ಕಿಫಾರು" ಎಂದ. ನಾನು ಬಂಡೆ ಎಂದುಕೊಂಡಿದ್ದದ್ದು ಕಿವಿ ಅಲುಗಿಸಿತು. ಬಿಳಿ ಘೇಂಡಾಮೃಗ, ಜೊತೆಗೆ ಮರಿ. ಮೇಯುತ್ತ ಮೇಯುತ್ತ ಮೂವತ್ತು ಹೆಜ್ಜೆಯಷ್ಟು ಹತ್ತಿರಕ್ಕೆ ಬಂದವು. ಬೆನ್ನ ಮೇಲೆ ಉಣ್ಣಿ ಹೆಕ್ಕುವ ಹಕ್ಕಿಗಳು. ನೆನಪಿನಲ್ಲಿ ಉಳಿದದ್ದು ಕೊಂಬಲ್ಲ, ಸದ್ದು. ಅಗಲವಾದ ಬಾಯಿಯಿಂದ ಹುಲ್ಲನ್ನು ಕೀಳುವ ಸದ್ದು, ಕೊಟ್ಟಿಗೆಯಲ್ಲಿ ಎಮ್ಮೆ ಹುಲ್ಲು ತಿನ್ನುವಾಗ ಕೇಳುವಂಥದ್ದೇ, ನಾಲ್ಕು ಪಟ್ಟು ದೊಡ್ಡದು. ಹಿನ್ನೆಲೆಯಲ್ಲಿ ನಗರದ ಗಗನಚುಂಬಿಗಳು, ತಲೆಯ ಮೇಲೆ ವಿಲ್ಸನ್ ನಿಲ್ದಾಣದಿಂದ ಏಳುವ ಪುಟ್ಟ ವಿಮಾನ. ಇದು ಕೆಲವರಿಗೆ ರಸಭಂಗ. ನನಗೆ ಆಗಲಿಲ್ಲ.

ಕೊರತೆಯನ್ನೂ ಹೇಳಬೇಕು. ಇಲ್ಲಿ ಆನೆ ಇಲ್ಲ. ವಿಚಿತ್ರವೆಂದರೆ ಆನೆಯ ಇತಿಹಾಸದ ಒಂದು ಪುಟ ಇದೇ ಬಯಲಿನಲ್ಲಿದೆ. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಹನ್ನೆರಡು ಟನ್ ದಂತಕ್ಕೆ ಬೆಂಕಿ ಇಟ್ಟದ್ದು, 2016ರಲ್ಲಿ ಮತ್ತೆ ನೂರು ಟನ್ನಿಗೂ ಹೆಚ್ಚು ದಂತ ಸುಟ್ಟದ್ದು ಇಲ್ಲೇ. ಆ ಜಾಗದಲ್ಲಿ ಗಾಡಿಯಿಂದ ಇಳಿದು ನಿಲ್ಲಬಹುದು. ಆನೆ ನೋಡಲೇಬೇಕು ಎನ್ನುವವರು ಹತ್ತಿರದ ಶೆಲ್ಡ್ರಿಕ್ ಸಂಸ್ಥೆಯ ಅನಾಥ ಮರಿಯಾನೆಗಳ ಶಾಲೆಗೆ ಮುಂಗಡ ಕಾಯ್ದಿರಿಸಿಕೊಂಡರೆ ಬೆಳಗ್ಗೆ ಹನ್ನೊಂದರ ಭೇಟಿ ಸಿಗುತ್ತದೆ. ಆರರಿಂದ ಹತ್ತೂವರೆ ಕಾಡು, ಹನ್ನೊಂದಕ್ಕೆ ಮರಿಯಾನೆ, ಒಂದು ಗಂಟೆಗೆ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಕಡೆ ಹೋಗಿ ಊಟ, ನಂತರ ನಿದ್ದೆ. ನೂರಿಪ್ಪತ್ತೈದು ವರ್ಷಗಳ ಹಿಂದೆ ರೈಲು ಹಳಿ ಹಾಕಲು ಬಂದ ಭಾರತದ ಕೂಲಿಗಳ ಕಾಲದಿಂದಲೂ ಈ ಊರಿಗೆ ನಮ್ಮ ಅಡುಗೆಯ ಪರಿಚಯವಿದೆ. ಚಪಾತಿ, ಚಾಯ್ ಎರಡೂ ಇಲ್ಲಿಯ ಪದಗಳೇ ಆಗಿಬಿಟ್ಟಿವೆ. ಸಸ್ಯಾಹಾರಿಗಳಿಗೆ ಮೊದಲ ದಿನ ಇದು ಸಣ್ಣ ಅನುಕೂಲವಲ್ಲ.

ಖರ್ಚು: ಅರ್ಧ ದಿನದ ಹಂಚಿಕೆ ವ್ಯಾನುಗಳು ಹಾಸ್ಟೆಲ್‌ಗಳಿಂದ ಸುಲಭವಾಗಿ ಸಿಗುತ್ತವೆ. ಪ್ರವೇಶ ಶುಲ್ಕ ಬೇರೆ, ಗೇಟಿನಲ್ಲಿ ನಗದು ನಡೆಯುವುದಿಲ್ಲ, ಇಸಿಟಿಜನ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಕಟ್ಟಬೇಕು. ಆ್ಯಪ್ ಟ್ಯಾಕ್ಸಿಯ ಕಾರನ್ನೇ ಒಳಗೆ ಒಯ್ಯಬಹುದು ಎಂದು ಯಾರಾದರೂ ಹೇಳಿದರೆ ಹತ್ತಬೇಡಿ. ಕೆಳಗೆ ಕೂತರೆ ಹುಲ್ಲಿನ ತುದಿ ಬಿಟ್ಟು ಬೇರೇನೂ ಕಾಣದು. ಚಾವಣಿ ಎತ್ತುವ ವ್ಯಾನೇ ಬೇಕು.

ಮಸಾಯಿ ಮಾರಾ: ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ

ಮಾರಾ ಚೆನ್ನಾಗಿಲ್ಲ ಎಂದು ಹೇಳಲು ನನಗೇನು ಹುಚ್ಚೇ? ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ನದಿ ದಾಟುವುದನ್ನು ಕಂಡವರು ಬೇರೆ ಮಾತಾಡುವುದಿಲ್ಲ. ತಕರಾರು ಮೊದಲ ದಿನದ್ದು. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆ. ಬೆಳಗಿನ ಜಾವ ವಿಮಾನ ಇಳಿದು ನೇರವಾಗಿ ವ್ಯಾನು ಹತ್ತಿದರೆ ಮಧ್ಯಾಹ್ನ ಎರಡಕ್ಕೆ ತಲುಪಿ, ನಾಲ್ಕಕ್ಕೆ ಕಾಡಿಗೆ ಹೋಗಿ, ಸಿಂಹದ ಮುಂದೆ ತೂಕಡಿಸುತ್ತೀರಿ. ಇನ್ನು ಶುಲ್ಕ. 2024ರಿಂದ ವಿದೇಶೀಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ನೂರು ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ ಇನ್ನೂರು. ಅದು ಬೆಳಗ್ಗೆ ಆರರಿಂದ ಸಂಜೆ ಆರರವರೆಗಿನ ಲೆಕ್ಕ. ಅಗ್ಗದ ಕ್ಯಾಂಪುಗಳು ಗೇಟಿನ ಹೊರಗಿರುತ್ತವೆ. ಸಂಜೆಯ ಎರಡು ಗಂಟೆಗಾಗಿ ಇಡೀ ದಿನದ ಇನ್ನೂರು ಡಾಲರ್ ಕೊಡುವುದು ಯಾವ ಜಾಣತನ? ತಲುಪಿದ ದಿನ ಹೊರಗೇ ಮಲಗಿ, ಮರುದಿನ ಆರಕ್ಕೆ ಒಳಹೋಗಿ.

ಹಂಚಿಕೆ ವ್ಯಾನಿನಲ್ಲಿ ನನಗೇ ಆದ ಪಾಡನ್ನು ಹೇಳಿಬಿಡುತ್ತೇನೆ. ಆರು ಜನರ ಮೂರು ದಿನದ ಪ್ರವಾಸ ಎಂದು ಮುಂಗಡ ಕೊಟ್ಟಿದ್ದೆ. ಹೊರಡುವ ಬೆಳಗ್ಗೆ ಏಜೆಂಟನ ಕರೆ: ಉಳಿದ ಐವರೂ ಬರುತ್ತಿಲ್ಲ, ಇಡೀ ವ್ಯಾನಿನ ಬಾಡಿಗೆ ಕೊಡುವುದಾದರೆ ಹೊರಡೋಣ, ಇಲ್ಲದಿದ್ದರೆ ಇನ್ನೆರಡು ದಿನ ಕಾಯಿರಿ. ಆ ಐವರು ನಿಜಕ್ಕೂ ಇದ್ದರೋ ಇಲ್ಲವೋ ದೇವರಿಗೇ ಗೊತ್ತು. ಕಾದೆ. ಹಸಿರು ತೋರಿಸಿ ಬೇಲಿಯಲ್ಲಿ ನಿಲ್ಲಿಸಿದ ಕರುವಿನ ಪಾಡು.

ಬಜೆಟ್ ದೊಡ್ಡದಿದ್ದರೆ ಮಾತು ಬೇರೆ. ವಿಲ್ಸನ್ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಮುಕ್ಕಾಲು ಗಂಟೆಯಲ್ಲಿ ಮಾರಾದ ಮಣ್ಣಿನ ಓಡುದಾರಿಗೆ ಇಳಿಯಬಹುದು. ಲಾಡ್ಜಿನ ಜೀಪು ಅಲ್ಲೇ ಕಾದಿರುತ್ತದೆ, ಪ್ರಾಣಿಗಳೂ ಅಲ್ಲಿಂದಲೇ ಶುರು. ಸಾಮಾನು ಹದಿನೈದು ಕಿಲೋ, ಮೆತ್ತನೆಯ ಚೀಲದಲ್ಲಿ ಮಾತ್ರ. ಲಾಡ್ಜುಗಳಲ್ಲಿ ದರ ತಲೆಲೆಕ್ಕದ್ದು, ಗಾಡಿಯನ್ನು ಅವರೇ ಇತರ ಅತಿಥಿಗಳೊಂದಿಗೆ ತುಂಬಿಸುತ್ತಾರೆ. ಆದರೆ ಇಬ್ಬರ ಕೋಣೆಯಲ್ಲಿ ಒಬ್ಬರೇ ಮಲಗಿದ್ದಕ್ಕೆ ಹೆಚ್ಚುವರಿ ಹೇರುತ್ತಾರೆ. ಜನ ಕಡಿಮೆ ಇರುವ ತಿಂಗಳುಗಳಲ್ಲಿ ಅದನ್ನು ಬಿಟ್ಟುಕೊಡುವವರೂ ಉಂಟು, ಕೇಳಿದರೆ.

ಕ್ರೂಗರ್: ಸ್ಟೀರಿಂಗ್ ನಿಮ್ಮ ಕೈಯಲ್ಲಿ

ಯಾರ ಹಂಗೂ ಬೇಡ ಎನ್ನುವವರಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ಉದ್ದದ ಕಾಡು, ಒಳಗೆ ಡಾಂಬರು ರಸ್ತೆ, ಸಾಮಾನ್ಯ ಬಾಡಿಗೆ ಕಾರು ಸಾಕು. ರಸ್ತೆಯ ಎಡಬದಿಯಲ್ಲೇ ಓಡಿಸುವುದು, ನಮ್ಮಂತೆಯೇ. ಡಾಂಬರಿನಲ್ಲಿ ಗಂಟೆಗೆ 50, ಮಣ್ಣಿನ ದಾರಿಯಲ್ಲಿ 40 ಕಿಲೋಮೀಟರ್ ಮಿತಿ. ಕ್ಯಾಂಪುಗಳಲ್ಲಿ ನಕ್ಷೆಯ ಹಲಗೆ ಇರುತ್ತದೆ. ಎಲ್ಲಿ ಯಾವ ಪ್ರಾಣಿ ಕಂಡಿತು ಎಂದು ಬಣ್ಣದ ಗುಂಡಿ ಅಂಟಿಸುತ್ತಾರೆ. ಬೆಳಗ್ಗೆ ಕಾಫಿ ಹಿಡಿದು ಅದರ ಮುಂದೆ ನಿಂತರೆ ಒಂಟಿಯಾಗಿ ಬಂದವರಿಗೂ ಮಾತಿಗೆ ಜನ ಸಿಗುತ್ತಾರೆ.

ದಿನವಿಡೀ ಒಂದೇ ಕೆರೆಯ ಪಕ್ಕ ಕೂತರೂ ಕೇಳುವವರಿಲ್ಲ ಎಂಬುದು ಇಲ್ಲಿಯ ಸುಖ. ಲೋಯರ್ ಸಾಬಿ ಕ್ಯಾಂಪಿನ ಬಳಿಯ ಸನ್‌ಸೆಟ್ ಡ್ಯಾಂ ಪಕ್ಕದಲ್ಲಿ ನಾನು ಎರಡು ಗಂಟೆ ಕೂತಿದ್ದೆ. ನೀರಾನೆಗಳ ಬೆನ್ನ ಮೇಲೆ ಕೊಕ್ಕರೆಗಳು ಹತ್ತಿ ಇಳಿಯುವುದನ್ನು ನೋಡುವುದಷ್ಟೇ ಕೆಲಸ. ಹಂಚಿಕೆ ವ್ಯಾನಿನಲ್ಲಿ ಇದನ್ನು ಕೇಳಿದ್ದರೆ ಉಳಿದವರು ನನ್ನನ್ನು ಅಲ್ಲೇ ಇಳಿಸಿ ಹೋಗುತ್ತಿದ್ದರು.

ಕಷ್ಟವೂ ಅಲ್ಲೇ ಇದೆ. ಒಬ್ಬರೇ ಇದ್ದರೆ ಓಡಿಸುವವರೂ ನೀವೇ, ಹುಡುಕುವವರೂ ನೀವೇ. ಕಣ್ಣು ರಸ್ತೆಯ ಮೇಲಿದ್ದರೆ ಮರದ ಕೊಂಬೆಯ ಮೇಲಿನ ಚಿರತೆ ಹಾಗೆಯೇ ಹಿಂದೆ ಉಳಿಯುತ್ತದೆ. ತಿರುವಿನಲ್ಲಿ ಒಂಟಿ ಸಲಗ ಎದುರಾದಾಗ ಕೆನ್ನೆಯ ಮೇಲೆ ಮದ ಸುರಿಯುತ್ತಿದೆಯೇ ಎಂದು ನೋಡುವವರೂ ಇಲ್ಲ, ಹಿಂದಕ್ಕೆ ತೆಗೆಯಿರಿ ಎನ್ನುವವರೂ ಇಲ್ಲ. ನನಗೆ ಎದುರಾದ ಸಲಗ ರಸ್ತೆಯ ನಡುವೆಯೇ ನಡೆದು ಬರುತ್ತಿತ್ತು. ನಾನು ರಿವರ್ಸ್ ಗೇರಿನಲ್ಲಿ ಮುಕ್ಕಾಲು ಕಿಲೋಮೀಟರು ಹೋದೆ, ಬೆವರು ಒರೆಸಿಕೊಳ್ಳುವ ಧೈರ್ಯವಾಗಲಿಲ್ಲ. ಟೈರು ಪಂಕ್ಚರಾದರೂ ಗಾಡಿಯಿಂದ ಇಳಿಯುವಂತಿಲ್ಲ, ತುರ್ತು ಸಂಖ್ಯೆಗೆ ಕರೆ ಮಾಡಿ ಕಾಯಬೇಕು. ಸಂಜೆ ಗೇಟು ಮುಚ್ಚುವ ಮುನ್ನ ಕ್ಯಾಂಪು ಸೇರಿರಬೇಕು, ಹೊತ್ತು ಮೀರಿದರೆ ದಂಡ.

ಹಾಗಾಗಿ ಕ್ರೂಗರ್ ಆರಿಸಿಕೊಂಡವರಿಗೆ ನನ್ನ ಸಲಹೆ ಹೀಗಿದೆ. ಜೊಹಾನ್ಸ್‌ಬರ್ಗ್‌ನಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬರುವ ಬದಲು, ದುಡ್ಡಿದ್ದರೆ ಉದ್ಯಾನದೊಳಗೇ ಇರುವ ಸ್ಕುಕುಜಾ ನಿಲ್ದಾಣಕ್ಕೆ ವಿಮಾನದಲ್ಲಿ ಬನ್ನಿ. ಮೊದಲ ಸಂಜೆ ಕಾರು ಮುಟ್ಟಬೇಡಿ. ಕ್ಯಾಂಪಿನವರೇ ನಡೆಸುವ ಸೂರ್ಯಾಸ್ತದ ಸಫಾರಿಗೆ ಸೀಟು ಕೊಳ್ಳಿ. ಎತ್ತರದ ಗಾಡಿ, ಮಾರ್ಗದರ್ಶಕ, ದರ ಸೀಟಿನ ಲೆಕ್ಕದಲ್ಲಿ, ಮೇಲಾಗಿ ಗೇಟು ಮುಚ್ಚಿದ ನಂತರವೂ ಹೊರಗಿರುವ ಪರವಾನಗಿ ಅವರಿಗಿದೆ. ಮರುದಿನ ನಿಮ್ಮ ಕಾರಿನಲ್ಲಿ ಸ್ಕುಕುಜಾದಿಂದ ಲೋಯರ್ ಸಾಬಿಗೆ ನದಿಯ ಪಕ್ಕದ ರಸ್ತೆ ಹಿಡಿಯಿರಿ.

ಚೋಬೆ: ದೋಣಿಯಲ್ಲಿ ಕೂತವರಿಗೆ ಒಂಟಿತನದ ದಂಡವಿಲ್ಲ

ಬೋಟ್ಸ್ವಾನಾದ ಕಸಾನೆ ಊರು, ಚೋಬೆ ನದಿ. ಮಧ್ಯಾಹ್ನ ಮೂರಕ್ಕೆ ದೋಣಿ ಹತ್ತಿದರೆ ಸೂರ್ಯ ಮುಳುಗುವವರೆಗೆ. ಟಿಕೆಟು ಸೀಟಿಗೆ. ಒಬ್ಬರೇ ಬಂದಿರಾ, ಬನ್ನಿ, ಅಂಚಿನಲ್ಲಿ ಒಂದು ಜಾಗ ಖಾಲಿ ಇದೆ. ಗುಂಡಿಗಳಲ್ಲಿ ಕುಲುಕಾಟವಿಲ್ಲ, ಧೂಳಿಲ್ಲ. ಬೆನ್ನುನೋವಿರುವ ನಿವೃತ್ತರಿಗೆ ನಾನು ಎರಡನೆಯ ಮಾತಿಲ್ಲದೆ ಇದನ್ನೇ ಹೇಳುತ್ತೇನೆ.

ಪ್ರಪಂಚದಲ್ಲಿ ಆಫ್ರಿಕಾದ ಆನೆಗಳು ಅತಿ ಹೆಚ್ಚು ಇರುವ ದೇಶ ಬೋಟ್ಸ್ವಾನಾ, ಸುಮಾರು ಒಂದು ಲಕ್ಷ ಮೂವತ್ತು ಸಾವಿರ. ಮೇಯಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ ಅವು ಈ ನದಿಗೆ ಇಳಿಯಲೇಬೇಕು. ನದಿಯ ನಡುವೆ ಸೆಡುಡು ಎಂಬ ಹುಲ್ಲಿನ ದ್ವೀಪವಿದೆ. ನಮೀಬಿಯಾ, ಬೋಟ್ಸ್ವಾನಾ ಎರಡೂ ತಮ್ಮದೆಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋದವು, 1999ರಲ್ಲಿ ಅದು ಬೋಟ್ಸ್ವಾನಾದ ಪಾಲಾಯಿತು. ಆ ಹುಲ್ಲಿಗಾಗಿ ಆನೆಗಳು ಈಜಿಕೊಂಡು ಬರುತ್ತವೆ. ದೊಡ್ಡವುಗಳ ನೆತ್ತಿ ಕಾಣುತ್ತದೆ, ಮರಿಗಳದು ಸೊಂಡಿಲ ತುದಿ ಮಾತ್ರ, ನೀರಿನ ಮೇಲೆ ಬೆರಳೊಂದು ನಡೆದುಹೋದಂತೆ. ಕಬಿನಿ ಹಿನ್ನೀರಿನಲ್ಲಿ ಆನೆ ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ಹೆಣ್ಣಾನೆಗಳಿಗೂ ದಂತ ಇರುವುದು ಮಾತ್ರ ಹೊಸದು.

ಕೊರತೆ: ಸಿಂಹ, ಚಿರತೆ ದೋಣಿಯಿಂದ ಸಿಗುವುದು ಅದೃಷ್ಟ. ಅದಕ್ಕೆ ಬೆಳಗಿನ ಜೀಪು ಬೇಕು, ಅದು ತೆರೆದ ಜೀಪು, ಜೂನ್ ಜುಲೈನಲ್ಲಿ ಮಂಕಿ ಟೋಪಿ ಇಲ್ಲದೆ ಹತ್ತಬೇಡಿ. ಕರ್ನಾಟಕದಿಂದ ಪ್ರಯಾಣವೂ ಉದ್ದ. ವಿಕ್ಟೋರಿಯಾ ಜಲಪಾತ ನೋಡುವ ಯೋಜನೆ ಹೇಗೂ ಇದ್ದರೆ ಅಲ್ಲಿಂದ ಕಸಾನೆ ಸುಮಾರು 80 ಕಿಲೋಮೀಟರ್, ಆಗ ಮಾತ್ರ ಮೊದಲ ದಿನಕ್ಕೆ ಇದು ಹೊಂದುತ್ತದೆ.

ಇನ್ನೆರಡು, ಬೇಗ ಬೇಗ

ಟಾಂಜಾನಿಯಾದ ಅರುಷಾದಿಂದ ಎರಡು ಎರಡೂವರೆ ಗಂಟೆ ದೂರದ ತರಂಗಿರೆ. ಒಂದೇ ದಿನದಲ್ಲಿ ಹೋಗಿ ಬರಬಹುದು, ಸೀಟು ಲೆಕ್ಕದ ಗಾಡಿಗಳು ಸಿಗುತ್ತವೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಆನೆಗಳ ದೊಡ್ಡ ಹಿಂಡುಗಳು. ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳ ಸುತ್ತ ಕೈಚಾಚಿ ನಿಂತು ಫೋಟೊ ತೆಗೆಸಿಕೊಂಡವರು ಇಲ್ಲಿಗೆ ಬಂದರೆ ಅವುಗಳ ಬಂಧುಬಳಗವನ್ನೇ ಕಾಣಬಹುದು. ಕಚ್ಚುವ ತ್ಸೆತ್ಸೆ ನೊಣಗಳಿವೆ, ನೀಲಿ ಮತ್ತು ಕಪ್ಪು ಬಟ್ಟೆ ಬೇಡ. ಕಿಲಿಮಂಜಾರೊ ನಿಲ್ದಾಣದಲ್ಲಿ ಇಳಿಯುವವರು ನೈರೋಬಿಗೆ ಬದಲು ಇದನ್ನು ಹಿಡಿಯಬಹುದು, ಆದರೆ ಒಂದು ರಾತ್ರಿ ಅರುಷಾದಲ್ಲಿ ಮಲಗಿ ಎದ್ದ ಮೇಲೆ.

ತೀರಾ ಕಡಿಮೆ ಖರ್ಚಿನವರಿಗೆ, ಕಾಲಿನಲ್ಲಿ ಕಸುವಿರುವವರಿಗೆ ನೈವಾಶಾ ಬಳಿಯ ಹೆಲ್ಸ್ ಗೇಟ್. ನೈರೋಬಿಯಿಂದ 90 ಕಿಲೋಮೀಟರ್, ಮಟಾಟು ಎಂಬ ಹಂಚಿಕೆ ವ್ಯಾನಿನಲ್ಲಿ ಹೋಗಿ, ಗೇಟಿನ ಬಳಿ ಸೈಕಲ್ ಬಾಡಿಗೆಗೆ ಪಡೆದು, ಜೀಬ್ರಾ ಜಿರಾಫೆಗಳ ನಡುವೆ ತುಳಿಯಬಹುದು. ಗಾಡಿಯ ಲೆಕ್ಕವೇ ಇಲ್ಲ. ಕಾಡೆಮ್ಮೆ ಕಂಡರೆ ದೂರ ನಿಲ್ಲಿ. ಮೋಡ ಕವಿದಿದ್ದರೆ ಅಲ್ಲಿಯ ಕಣಿವೆಗೆ ಇಳಿಯಬೇಡಿ, 2019ರಲ್ಲಿ ದಿಢೀರ್ ನೆರೆಗೆ ಪ್ರವಾಸಿಗರು ಸಿಕ್ಕಿ ಸತ್ತಿದ್ದಾರೆ. ಮೊದಲ ದಿನಕ್ಕಿಂತ, ಮಣ್ಣಿನ ವಾಸನೆಗೆ ಹೊಂದಿಕೊಂಡ ಮೂರನೆಯ ದಿನಕ್ಕೆ ಇದು ಚೆನ್ನ.

ಹಾಗಾದರೆ ನಿಮಗೆ ಯಾವುದು?

ಮೊದಲ ಬಾರಿ ದೇಶ ಬಿಡುತ್ತಿದ್ದೀರಿ, ಒಂಟಿ ಹೆಣ್ಣುಮಗಳು, ಮನೆಯವರಿಗೆ ದಿನಕ್ಕೆರಡು ಬಾರಿ ಕರೆ ಮಾಡಲೇಬೇಕು ಎಂದಾದರೆ ನೈರೋಬಿ. ರಾತ್ರಿಯ ಹೊತ್ತಿಗೆ ಊರಿನ ಕೋಣೆಯಲ್ಲಿರುತ್ತೀರಿ, ವಾಹನ ಹತ್ತಿಸಿ ಇಳಿಸುವುದು ಹಾಸ್ಟೆಲ್ ಬಾಗಿಲಲ್ಲೇ. ಒಟ್ಟು ಮೂರ್ನಾಲ್ಕು ದಿನ ಮಾತ್ರ ರಜೆ, ದುಡ್ಡಿನ ಚಿಂತೆಯಿಲ್ಲ ಎಂದಾದರೆ ಪುಟ್ಟ ವಿಮಾನ ಹತ್ತಿ ಮಾರಾ. ಊರಲ್ಲಿ ಘಟ್ಟದ ರಸ್ತೆಯಲ್ಲಿ ಕಾರು ಓಡಿಸಿ ಪಳಗಿದವರು, ಮೌನ ಇಷ್ಟಪಡುವವರು, ಎರಡು ತಿಂಗಳು ಮೊದಲೇ ಕಾಗದಪತ್ರ ಸಿದ್ಧಮಾಡುವ ತಾಳ್ಮೆಯವರು ಕ್ರೂಗರ್‌ಗೆ ಹೋಗಲಿ. ಹಕ್ಕಿ, ಆನೆ, ಬೆನ್ನು: ಈ ಮೂರರಲ್ಲಿ ಎರಡರ ಚಿಂತೆ ಇರುವವರಿಗೆ ಚೋಬೆ.

ಯಾವುದೇ ಇರಲಿ, ಹಂಚಿಕೆ ಗಾಡಿಗೆ ಮುಂಗಡ ಕೊಡುವ ಮುನ್ನ ಏಜೆಂಟನಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಉತ್ತರ ಪಡೆಯಿರಿ: ಗಾಡಿಯಲ್ಲಿ ಗರಿಷ್ಠ ಎಷ್ಟು ಜನ? ನನಗೆ ಕಿಟಕಿ ಸೀಟು ಖಚಿತವೇ? ಪ್ರವೇಶ ಶುಲ್ಕ ಸೇರಿದೆಯೇ? ಉಳಿದವರು ಬಾರದಿದ್ದರೆ ಅದೇ ದರಕ್ಕೆ ಹೊರಡುತ್ತೀರಾ? ಕೊನೆಯ ಪ್ರಶ್ನೆಗೆ ಹೌದು ಎಂದು ಬರೆದುಕೊಡದವರಿಗೆ ದುಡ್ಡು ಕೊಡಬೇಡಿ.

ಕೀನ್ಯಾಕ್ಕೆ ಹೊರಟವರು ಚಟ್ನಿಪುಡಿ, ಅವಲಕ್ಕಿಯನ್ನು ಡಬ್ಬಿಗೆ ಹಾಕಿಕೊಳ್ಳಿ. ಅಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಅಮ್ಮ ಕಟ್ಟಿಕೊಟ್ಟ ಕವರು ಎಂದರೆ ಯಾರೂ ಕೇಳುವುದಿಲ್ಲ.